ಪಿಸಿಓಎಸ್ ಇದ್ದವರು ಸಂಜೆ ಐದು ಗಂಟೆಗೆ ಏನು ತಿನ್ನುತ್ತೀರಿ?

ಡೊಂಬಿವಲಿ ಫಾಸ್ಟ್:
ಎಲ್ಲರಿಗೂ ನಮಸ್ಕಾರ. ನನಗೆ ಈಚೆಗೆ ಪಿಸಿಓಎಸ್ (ಹಾರ್ಮೋನು ಏರುಪೇರಾಗಿ ಮುಟ್ಟು ಕೆಡುವ ತೊಂದರೆ) ಅಂತ ಗೊತ್ತಾಯಿತು. ರಕ್ತ ಪರೀಕ್ಷೆಯಲ್ಲಿ ಇನ್ಸುಲಿನ್ ಜಾಸ್ತಿ ಬಂದಿದೆ. ಸಕ್ಕರೆ ಇನ್ನೂ ಗಡಿ ದಾಟಿಲ್ಲ. ಡಾಕ್ಟರ್ "ಕಾರ್ಬ್ಸ್ (ಪಿಷ್ಟ, ಸಕ್ಕರೆ) ಕಡಿಮೆ ಮಾಡಿ, ತೂಕ ಇಳಿಸಿ" ಅಂದು ಮಾತ್ರೆ ಬರೆದುಕೊಟ್ಟರು. ಏನು ತಿನ್ನಬೇಕು ಅಂತ ಕೇಳುವಷ್ಟರಲ್ಲಿ ಮುಂದಿನ ಪೇಷೆಂಟ್ ಒಳಗೆ ಬಂದಾಗಿತ್ತು.

ಬೆಳಗಿನ ತಿಂಡಿ, ರಾತ್ರಿ ಊಟ ಹೇಗೋ ಸರಿ ಮಾಡಿಕೊಳ್ಳುತ್ತೇನೆ. ನನ್ನ ಕಷ್ಟ ಇರುವುದು ಸಂಜೆ ಐದು ಗಂಟೆಯದು. ಆಫೀಸು ಮುಂಬೈಯ ಫೋರ್ಟ್‌ನಲ್ಲಿ, ಮನೆ ಡೊಂಬಿವಲಿಯಲ್ಲಿ. ಮನೆ ಮುಟ್ಟುವಾಗ ಎಂಟೂವರೆ. ಐದಕ್ಕೆ ಹಸಿವು ಹತ್ತಿದರೆ ತಡೆಯೋಕಾಗುವುದಿಲ್ಲ. ಕೆಳಗಿಳಿದರೆ ವಡಾ ಪಾವ್, ಸಮೋಸಾ, ಸಾಬೂದಾನಾ ವಡಾ. ಕ್ಯಾಂಟೀನಿನಲ್ಲಿ ಬಿಸ್ಕತ್ತು, ಖಾರಿ. ಅಂಗಡಿಯ ಪ್ಯಾಕೆಟ್ ನೋಡಿದರೆ ಎಲ್ಲದರ ಮೇಲೂ ಹೆಲ್ದಿ ಅಂತಲೇ ಇದೆ. ಧಾರವಾಡದಿಂದ ಅಮ್ಮ ರಾಗಿ ಬಿಸ್ಕತ್ತು ಕಳಿಸಿದ್ದಾಳೆ. ಅದು ತಿನ್ನಬಹುದಾ? ಫ್ರಿಜ್ ಇಲ್ಲದೆ ಬ್ಯಾಗಿನಲ್ಲಿ ಇಟ್ಟುಕೊಳ್ಳುವಂಥದ್ದು, ಟ್ರೇನಿನಲ್ಲಿ ನಿಂತುಕೊಂಡೇ ತಿನ್ನುವಂಥದ್ದು ಹೇಳಿ. ಸಂಕಷ್ಟಿ ಉಪವಾಸ ಬೇರೆ ಮಾಡುತ್ತೇನೆ.

ಠಾಣೆ ಡಯಟೀಷಿಯನ್:
ತಂಗಿ, ಮೊದಲು ಯಾಕೆ ಕಡಿಮೆ ಮಾಡಬೇಕು ಅನ್ನುವುದು ತಿಳಿದರೆ ಏನು ತಿನ್ನಬೇಕು ಅನ್ನುವುದು ಅರ್ಧ ತಾನಾಗಿ ಗೊತ್ತಾಗುತ್ತದೆ.

ಅನ್ನ, ಮೈದಾ, ಸಕ್ಕರೆ ಹೊಟ್ಟೆಗೆ ಹೋದ ಮೇಲೆ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಅದು ಸ್ನಾಯುಗಳ ಒಳಗೆ ಹೋಗಲು ಇನ್ಸುಲಿನ್ ಬೇಕು. ಪಿಸಿಓಎಸ್ ಇರುವ ಬಹಳಷ್ಟು ಹೆಂಗಸರಲ್ಲಿ ಈ ಇನ್ಸುಲಿನ್ ಸರಿಯಾಗಿ ನಾಟುವುದಿಲ್ಲ. ಆಗ ದೇಹ ಇನ್ನೂ ಜಾಸ್ತಿ ಇನ್ಸುಲಿನ್ ಸುರಿಸುತ್ತದೆ. ಅದರಿಂದ ಸಕ್ಕರೆ ಹತೋಟಿಯಲ್ಲಿರುತ್ತದೆ. ಆದರೆ ಆ ಹೆಚ್ಚಾದ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಟೆಸ್ಟೋಸ್ಟಿರಾನ್ ಎಂಬ ಗಂಡು ಹಾರ್ಮೋನು ಹೆಚ್ಚಿಗೆ ತಯಾರಾಗುವಂತೆ ಮಾಡುತ್ತದೆ. ಜೊತೆಗೆ, ಟೆಸ್ಟೋಸ್ಟಿರಾನನ್ನು ಹಿಡಿದಿಟ್ಟುಕೊಳ್ಳುವ ಎಸ್‌ಎಚ್‌ಬಿಜಿ ಎಂಬ ಪ್ರೋಟೀನನ್ನು ಲಿವರ್ ಕಡಿಮೆ ಮಾಡುತ್ತದೆ. ಮುಟ್ಟು ಏರುಪೇರಾಗುವುದು, ಗಲ್ಲದ ಮೇಲೆ ಕೂದಲು, ಮೊಡವೆ, ಕತ್ತಿನ ಹಿಂದೆ ಕಪ್ಪಾಗುವುದು, ಇವೆಲ್ಲ ಬಹುಮಟ್ಟಿಗೆ ಇದೇ ದಾರಿಯಲ್ಲಿ ಬರುತ್ತವೆ.

ಹಾಗಾಗಿ ನಿಮ್ಮ ಸಂಜೆಯ ತಿಂಡಿ ಇನ್ಸುಲಿನ್ನನ್ನು ಒಮ್ಮೆಲೇ ಮೇಲಕ್ಕೆ ಎಬ್ಬಿಸಬಾರದು. ಪಿಷ್ಟ ಕಡಿಮೆ, ಪ್ರೋಟೀನ್ ಮತ್ತು ನಾರು ಜಾಸ್ತಿ ಇರಬೇಕು. ಸೊನ್ನೆ ಮಾಡಬೇಕಾಗಿಲ್ಲ. ನಾನು ನನ್ನ ಪೇಷೆಂಟ್‌ಗಳಿಗೆ ಒಂದು ತಿಂಡಿಗೆ 10ರಿಂದ 15 ಗ್ರಾಂ ಕಾರ್ಬ್ಸ್ ಅಂತ ಲೆಕ್ಕ ಹೇಳುತ್ತೇನೆ.

ರಾಗಿ ಬಿಸ್ಕತ್ತು ಬೇಡ. ರಾಗಿ ಒಳ್ಳೆಯ ಧಾನ್ಯ, ಕ್ಯಾಲ್ಸಿಯಂ ಬಹಳ. ಆದರೆ 100 ಗ್ರಾಂ ರಾಗಿಯಲ್ಲಿ 70 ಗ್ರಾಂ ಆಸುಪಾಸು ಕಾರ್ಬ್ಸ್ ಇದೆ, ಅಕ್ಕಿ ಗೋಧಿಗಿಂತ ಬಹಳ ಕಡಿಮೆ ಏನಲ್ಲ. ಬಿಸ್ಕತ್ತಿನಲ್ಲಿ ಅದರ ಜೊತೆ ಮೈದಾ, ಸಕ್ಕರೆ, ಡಾಲ್ಡಾ ಕೂಡ ಸೇರಿರುತ್ತದೆ. ಅಮ್ಮನಿಗೆ ಬೇಜಾರಾಗದ ಹಾಗೆ ಹೇಳಿ.

ಕೊತ್ರೂಡ ಕಾಕಿ:
ಬಿಸ್ಕತ್ತಿನ ಬದಲು ಅಮ್ಮನಿಗೆ ಶೇಂಗಾ ಚಟ್ನಿ ಕಳಿಸು ಅಂತ ಹೇಳವ್ವ! ಧಾರವಾಡದ ಮನೆಯಲ್ಲಿ ಅದಕ್ಕೇನು ಬರವೇ?

ನಾನು ವಿಜಾಪುರದವಳು, ಮದುವೆಯಾಗಿ ಪುಣೆಗೆ ಬಂದೆ. ನನಗೂ ಪಿಸಿಓಎಸ್ ಇತ್ತು. ಆಗ ಅದಕ್ಕೆ ಹೆಸರು ಹೇಳುವವರೂ ಇರಲಿಲ್ಲ, "ಮುಟ್ಟಿನ ತೊಂದರೆ" ಅಷ್ಟೇ. ಈಗ ನನ್ನ ಸೊಸೆಗೆ ಇದೆ. ಅವಳ ಬ್ಯಾಗಿಗೆ ನಾನೇ ಡಬ್ಬಿ ಕಟ್ಟಿಕೊಡುತ್ತೇನೆ.

ಶೇಂಗಾ ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತಿಕ್ಕಿ ತೆಗೆಯಬೇಕು. ಬೆಳ್ಳುಳ್ಳಿ, ಜೀರಿಗೆ, ಕೆಂಪು ಖಾರ, ಉಪ್ಪು, ಹುರಿದ ಕರಿಬೇವು. ಒರಳಿದ್ದರೆ ಕುಟ್ಟಿ, ಶೇಂಗಾ ತನ್ನ ಎಣ್ಣೆ ತಾನೇ ಬಿಟ್ಟು ಚಟ್ನಿ ಮುದ್ದೆಮುದ್ದೆಯಾಗುತ್ತದೆ. ಮಿಕ್ಸರ್ ಆದರೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಿ. ಬೆಲ್ಲ ಹಾಕುವ ರೂಢಿ ಇದ್ದವರು ಇಲ್ಲಿ ಬಿಟ್ಟುಬಿಡಿ. ಸೌತೆಕಾಯಿ ಉದ್ದುದ್ದ ಹೆಚ್ಚಿಕೊಂಡು ಇದರಲ್ಲಿ ಅದ್ದಿ ತಿನ್ನುವುದು. ಆಫೀಸಿನ ಹತ್ತಿರ ಗಟ್ಟಿ ಮೊಸರು ಸಿಕ್ಕರೆ ಒಂದು ಚಮಚ ಚಟ್ನಿ ಕಲಸಿಕೊಂಡು ಬಿಡಿ, ಹೊಟ್ಟೆ ತಂಪು.

ಅಗಸೆ ಚಟ್ನಿನೂ ಹಾಗೇ. ಅಗಸೆಯನ್ನು ಬಾಣಲೆಯಲ್ಲಿ ಚಟಪಟ ಅನ್ನುವ ತನಕ ಹುರಿದು ಪುಡಿ ಮಾಡಲೇಬೇಕು. ಇಡೀ ಕಾಳು ತಿಂದರೆ ಹೋದ ಹಾಗೇ ಹೊರಗೆ ಬರುತ್ತದೆ.

ಠಾಣೆ ಡಯಟೀಷಿಯನ್:
ಕಾಕಿ ಹೇಳಿದ್ದು ಅಂಕಿಯಲ್ಲೂ ಸರಿ ಇದೆ. 30 ಗ್ರಾಂ ಶೇಂಗಾ, ಅಂದರೆ ಒಂದು ಸಣ್ಣ ಮುಷ್ಟಿ. ಅದರಲ್ಲಿ ಪ್ರೋಟೀನ್ 7 ಗ್ರಾಂ ದಾಟುತ್ತದೆ, ಕಾರ್ಬ್ಸ್ 5 ಗ್ರಾಂ, ಅದರಲ್ಲೂ ಅರ್ಧ ನಾರು. ಅಗಸೆಯ ಕಾರ್ಬ್ಸ್ ಹೆಚ್ಚುಕಡಿಮೆ ಪೂರ್ತಿ ನಾರೇ. ಒಂದೇ ಎಚ್ಚರಿಕೆ, 30 ಗ್ರಾಂ ಶೇಂಗಾ ಅಂದರೆ 170 ಕ್ಯಾಲೊರಿ. ಡಬ್ಬಿ ಎದುರಿಗೆ ಇಟ್ಟುಕೊಂಡು ಮಾತಾಡುತ್ತಾ ತಿಂದರೆ ಮೂರು ಮುಷ್ಟಿ ಹೋಗುತ್ತದೆ. ಬೆಳಿಗ್ಗೆಯೇ ಅಳೆದು ಚಿಕ್ಕ ಡಬ್ಬಿಗೆ ಹಾಕಿಕೊಳ್ಳಿ.

ಹಿಂಜವಡಿ ಹುಡುಗಿ:
ನಾನು ಸಂಜೆಗೆ ದಿನಾ ಮಖಾನಾ (ನೀರಿನಲ್ಲಿ ಬೆಳೆಯುವ ಗಿಡದ ಬೀಜ ಅರಳಿಸಿದ್ದು) ತಿನ್ನುತ್ತೇನೆ. ಎಲ್ಲ ರೀಲ್ಸ್‌ನಲ್ಲೂ ಪಿಸಿಓಎಸ್‌ಗೆ ಅದೇ ಬೆಸ್ಟ್ ಅಂತಾರೆ. ಲೋ ಕಾರ್ಬ್ ಅಲ್ವಾ?

ಠಾಣೆ ಡಯಟೀಷಿಯನ್:
ಅಲ್ಲ. ಈ ಮಾತು ಬಹಳ ಜನಕ್ಕೆ ಹೇಳಬೇಕಾಗುತ್ತದೆ. ಮಖಾನಾದಲ್ಲಿ ಮುಕ್ಕಾಲು ಭಾಗ ಕಾರ್ಬ್ಸ್, ಪ್ರೋಟೀನ್ 10 ಗ್ರಾಂ ಆಸುಪಾಸು ಮಾತ್ರ. ಹಗುರ ಇರುವುದರಿಂದ ಒಂದು ಬಟ್ಟಲು ತೂಗಿದರೆ 15 ಗ್ರಾಂ ಬರಬಹುದು, ಆ ಅಳತೆಯಲ್ಲಿ ತೊಂದರೆ ಇಲ್ಲ. ಆದರೆ ದೊಡ್ಡ ಪ್ಯಾಕೆಟ್ ಒಡೆದು ಖಾಲಿ ಮಾಡಿದರೆ ಒಂದು ಊಟದಷ್ಟು ಪಿಷ್ಟ ಹೋಯಿತು. ಬಟ್ಟಲು ಮಖಾನಾಗೆ ಹತ್ತು ಬಾದಾಮಿಯೋ ಒಂದಿಷ್ಟು ಶೇಂಗಾವೋ ಸೇರಿಸಿ.

ಪುಟಾಣಿ ಕೂಡ ಲೋ ಕಾರ್ಬ್ ಅಲ್ಲ, 100 ಗ್ರಾಂಗೆ 55ರಿಂದ 60 ಗ್ರಾಂ ಕಾರ್ಬ್ಸ್. ಆದರೆ ಪ್ರೋಟೀನ್ 20 ಗ್ರಾಂ, ನಾರೂ ಸಾಕಷ್ಟು. ಆದ್ದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಚುರುಮುರಿ ಹಾಗಲ್ಲ. ಅದು ಉಬ್ಬಿದ ಅಕ್ಕಿ. ಭೇಳ್ ಬೇಕೇಬೇಕು ಅನಿಸಿದ ದಿನ ಚುರುಮುರಿ ಕಾಲು ಭಾಗ, ಉಳಿದದ್ದು ಶೇಂಗಾ, ಮೊಳಕೆ ಬಂದ ಮಟಕಿ (ಮಡಕೆ ಕಾಳು), ಈರುಳ್ಳಿ, ಟೊಮೆಟೊ, ಕೊತ್ತಂಬರಿ. ಸಿಹಿ ಚಟ್ನಿ ಬಿಟ್ಟು ಖಾರದ್ದು ಹಾಕಿಸಿಕೊಳ್ಳಿ. ಭಯ್ಯಾಗೆ ಹೇಳಿದರೆ ಮಾಡಿಕೊಡುತ್ತಾನೆ.

ಹಿಂಜವಡಿ ಹುಡುಗಿ:
ಅಯ್ಯೋ, ಮಖಾನಾ ದೊಡ್ಡ ಪ್ಯಾಕೆಟ್ಟೇ ತರಿಸುವುದು ನಾವು. ಅಳೆದು ತಿನ್ನುತ್ತೇನೆ ಇನ್ನು. ಥ್ಯಾಂಕ್ಸ್ ಅಕ್ಕ.

ಮಾಟುಂಗಾ ಮಾವ:
ಹೆಣ್ಣುಮಕ್ಕಳ ಮಾತಿನ ನಡುವೆ ಬರುತ್ತಿದ್ದೇನೆ, ಏನೂ ಅಂದುಕೊಳ್ಳಬೇಡಿ. ನಮ್ಮ ತಂದೆಯ ಕಾಲದಿಂದ ಉಡುಪಿ ಹೋಟೆಲಿನ ಕೆಲಸ. ನನ್ನ ಮಗಳಿಗೂ ಇದೇ ತೊಂದರೆ ಇರುವುದರಿಂದ ಬರೆಯುತ್ತಿದ್ದೇನೆ.

ಹೋಟೆಲಿಗೆ ಬಂದರೆ ಏನೂ ತಿನ್ನುವ ಹಾಗಿಲ್ಲ ಅಂತ ಮಕ್ಕಳು ಅಂದುಕೊಳ್ಳುತ್ತಾರೆ. ಮೆನುವಿನಲ್ಲಿ ಇಲ್ಲದಿದ್ದರೂ ಕೇಳಬಹುದು. ಒಂದು ಇಡ್ಲಿ, ಎರಡು ಬಟ್ಟಲು ಸಾಂಬಾರ್ ಅನ್ನಿ. ಉಪ್ಪು ಹಾಕಿದ ಮಜ್ಜಿಗೆ ಕೇಳಿ, ಸಕ್ಕರೆ ಲಸ್ಸಿ ಬೇಡ. ನವರಾತ್ರಿಯಲ್ಲಿ ಮಾಡುವ ಕಡಲೆ ಉಸ್ಲಿಯನ್ನು ಮಗಳಿಗೋಸ್ಕರ ಮನೆಯಲ್ಲಿ ವರ್ಷವಿಡೀ ಮಾಡುತ್ತೇವೆ. ಕಪ್ಪು ಕಡಲೆ ರಾತ್ರಿ ನೆನೆಸಿ ಬೇಯಿಸಿ, ಸಾಸಿವೆ, ಇಂಗು, ಕರಿಬೇವು ಒಗ್ಗರಣೆ, ಮೇಲೆ ತೆಂಗಿನ ತುರಿ.

ಕೋಸಂಬರಿ ಡಬ್ಬಿಗೆ ಹಾಕಿಕೊಡುವಾಗ ಒಂದು ಮಾತು. ಉಪ್ಪು, ನಿಂಬೆ ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಮಧ್ಯಾಹ್ನಕ್ಕೆ ಹುಳಿ ವಾಸನೆ ಬರುತ್ತದೆ. ನೆನೆದ ಹೆಸರುಬೇಳೆಯ ನೀರು ಪೂರ್ತಿ ಬಸಿದು, ಒಗ್ಗರಣೆ ಆರಿಸಿ ಕಲಸಿ. ಉಪ್ಪು ಪೊಟ್ಟಣ ಕಟ್ಟಿಕೊಡಿ, ಅರ್ಧ ನಿಂಬೆಹಣ್ಣು ಜೊತೆಗೆ. ತಿನ್ನುವಾಗ ಹಾಕಿಕೊಳ್ಳಲಿ. ತೆಂಗಿನ ತುರಿ ಬೇಸಿಗೆಯಲ್ಲಿ ಬಿಟ್ಟರೆ ಒಳ್ಳೆಯದು, ಮುಂಬೈ ಸೆಖೆಗೆ ನಾಲ್ಕು ಗಂಟೆಗೇ ಹಳಸುತ್ತದೆ.

ವಾಸ್ಕೋ ಬಂಗುಡೆ:
ಎಲ್ಲರೂ ಸಸ್ಯಾಹಾರ ಹೇಳುತ್ತಿದ್ದೀರಿ, ನಮ್ಮಂಥವರ ಕಡೆಯಿಂದ ನಾನು ಹೇಳುತ್ತೇನೆ. ಗೋವಾದಲ್ಲಿ ಸಂಜೆಯಾದರೆ ಬ್ರೆಡ್ ಮಾರುವ ಪೊದೇರ್ ಸೈಕಲ್ ಹಾರ್ನ್ ಒತ್ತುತ್ತಾ ಬರುತ್ತಾನೆ, ಬಿಸಿ ಪೊಯಿ ವಾಸನೆಗೆ ಮನಸ್ಸು ನಿಲ್ಲುವುದಿಲ್ಲ. ಪೊಯಿಯಲ್ಲಿ ಗೋಧಿ ತೌಡು ಇದೆ, ಮೈದಾ ಪಾವ್‌ಗಿಂತ ವಾಸಿ. ಆದರೂ ಅದು ಬ್ರೆಡ್ಡೇ. ನಾನು ಅರ್ಧ ಪೊಯಿ ತೆಗೆದುಕೊಂಡು ಒಳಗೆ ಎರಡು ಮೊಟ್ಟೆಯ ಆಮ್ಲೆಟ್ ತುಂಬುತ್ತೇನೆ.

ಮೊಟ್ಟೆ ಒಂದರಲ್ಲಿ 6 ಗ್ರಾಂ ಪ್ರೋಟೀನ್, ಕಾರ್ಬ್ಸ್ ಹೆಸರಿಗೆ ಮಾತ್ರ. ಬೇಯಿಸಿ ಸಿಪ್ಪೆ ಸಮೇತ ಒಯ್ದರೆ ಡಬ್ಬಿಯೂ ಬೇಡ. ಬಂಗುಡೆ, ಬೂತಾಯಿ ಮೀನಿನಲ್ಲಿ ಕಾರ್ಬ್ಸ್ ಇಲ್ಲವೇ ಇಲ್ಲ, ಒಮೆಗಾ-3 ಕೊಬ್ಬು ಇದೆ. ಇಲ್ಲಿ ರವೆ ಹಚ್ಚಿ ಹುರಿಯುವುದು ರೂಢಿ. ರವೆ ಬಿಟ್ಟು ಖಾರ, ಅರಿಸಿನ, ಕೋಕಂ ಹುಳಿ ಹಚ್ಚಿ ತವಾದ ಮೇಲೆ ಹಾಕಿ, ರುಚಿಗೆ ಏನೂ ಮೋಸ ಇಲ್ಲ. ಕೋಕಂ, ತೆಂಗಿನ ಹಾಲಿನ ಸೋಲ್ ಕಡಿ ಕುಡಿಯಬಹುದು, ಆದರೆ ಬಾಟಲಿಯಲ್ಲಿ ಬರುವ ಕೋಕಂ ಶರಬತ್ತು ಸಕ್ಕರೆ ಪಾಕ. ಎರಡೂ ಕೆಂಪಗಿರುತ್ತದೆ ಅಂತ ಒಂದೇ ಅಂದುಕೊಳ್ಳಬೇಡಿ.

ಕೀಟೋ ಕನ್ನಡತಿ, ಅಂಧೇರಿ:
ಇಷ್ಟೆಲ್ಲ ಅಳೆಯುವುದಕ್ಕಿಂತ ಕೀಟೋ ಮಾಡಿ, ಅಂದರೆ ಕಾರ್ಬ್ಸ್ ಬಹುತೇಕ ಬಿಟ್ಟು ಕೊಬ್ಬು ಜಾಸ್ತಿ ತಿನ್ನುವ ಡಯಟ್. ನಾನು ಪನೀರ್, ಬೆಣ್ಣೆ, ಮೊಟ್ಟೆ, ಚೀಸ್ ತಿಂದುಕೊಂಡೇ ಸಾಕಷ್ಟು ತೂಕ ಇಳಿಸಿದೆ. ಮುಟ್ಟು ಸರಿಯಾಯಿತು. ಕಾಳು, ಹಣ್ಣು, ಏನೂ ಮುಟ್ಟುವುದಿಲ್ಲ. ಪಿಸಿಓಎಸ್‌ಗೆ ಇದೊಂದೇ ದಾರಿ ಅಂತ ನನ್ನ ನಂಬಿಕೆ.

ಠಾಣೆ ಡಯಟೀಷಿಯನ್:
ನಿಮಗೆ ಗುಣ ಸಿಕ್ಕಿದ್ದು ನಿಜವಾಗಿ ಸಂತೋಷ. ತೂಕ ಜಾಸ್ತಿ ಇರುವವರಲ್ಲಿ 5ರಿಂದ 10 ಶೇಕಡಾ ಇಳಿದರೂ ಮುಟ್ಟು ಸುಧಾರಿಸುವುದುಂಟು. ಆದರೆ "ಇದೊಂದೇ ದಾರಿ" ಅನ್ನುವುದನ್ನು ನಾನು ಒಪ್ಪುವುದಿಲ್ಲ. 2023ರ ಅಂತಾರಾಷ್ಟ್ರೀಯ ಪಿಸಿಓಎಸ್ ಮಾರ್ಗಸೂಚಿ ಎಲ್ಲ ಅಧ್ಯಯನ ನೋಡಿದ ಮೇಲೆ, ಯಾವ ಒಂದು ಡಯಟ್ಟೂ ಇನ್ನೊಂದಕ್ಕಿಂತ ಮೇಲು ಅಂತ ಹೇಳಲು ಆಧಾರ ಇಲ್ಲ ಅಂತ ಬರೆದಿದೆ. ತನಗೆ ಹೊಂದುವ, ಬಹುಕಾಲ ನಡೆಸಿಕೊಂಡು ಹೋಗಬಲ್ಲ ಊಟವೇ ಆರಿಸಿಕೊಳ್ಳಬೇಕು ಅನ್ನುವುದು ಅದರ ತಾತ್ಪರ್ಯ. ಬೇಳೆ, ಹಣ್ಣು, ಮೊಳಕೆಕಾಳು ಬಿಟ್ಟು ಹೆಚ್ಚು ದಿನ ಇದ್ದರೆ ನಾರು ಎಲ್ಲಿಂದ ಬರಬೇಕು?

ಇನ್ನೊಂದು ಮಾತು ಎಲ್ಲರೂ ಓದಿ. ಬಸಿರಿಗೆ ಪ್ರಯತ್ನ ಮಾಡುತ್ತಿರುವವರು, ಬಸುರಿಯರು, ಎದೆಹಾಲು ಕುಡಿಸುವವರು, ಇನ್ಸುಲಿನ್ ಅಥವಾ ಶುಗರ್ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಕೀಟೋ ಶುರು ಮಾಡಬಾರದು. "ಗ್ಲಿಫ್ಲೋಜಿನ್" ಅಂತ ಹೆಸರು ಮುಗಿಯುವ ಶುಗರ್ ಮಾತ್ರೆಗಳ ಜೊತೆ ಕೀಟೋ ಮಾಡಿದರೆ ರಕ್ತ ಆಮ್ಲವಾಗುವ ಅಪಾಯ ಇದೆ, ಅದು ಆಸ್ಪತ್ರೆ ಸೇರುವಂಥ ಸ್ಥಿತಿ.

ಕೀಟೋ ಕನ್ನಡತಿ, ಅಂಧೇರಿ:
ಮಾತ್ರೆಯ ವಿಷಯ ನನಗೆ ಗೊತ್ತಿರಲಿಲ್ಲ. ನಾನು ಡಾಕ್ಟರ್ ನೋಡಿಕೊಂಡೇ ಮಾಡುತ್ತಿರುವುದು, ಹಾಗೆ ಬರೆಯಬೇಕಿತ್ತು. ಪನೀರ್ ಮಾತ್ರ ಕೀಟೋ ಮಾಡದವರಿಗೂ ಹೇಳುತ್ತೇನೆ. 50 ಗ್ರಾಂ ತುಂಡು ಮಾಡಿ, ಕಾಳುಮೆಣಸು, ಜೀರಿಗೆ ಪುಡಿ ಹಾಕಿ ತವಾದ ಮೇಲೆ ಎರಡೂ ಕಡೆ ಕೆಂಪಗೆ ಮಾಡಿ. ಬೆಳಿಗ್ಗೆ ಮಾಡಿದ್ದು ಸಂಜೆ ತನಕ ಆಫೀಸ್ ಫ್ರಿಜ್‌ನಲ್ಲಿ ಚೆನ್ನಾಗಿರುತ್ತದೆ. ಫ್ರಿಜ್ ಇಲ್ಲದಿದ್ದರೆ ಒಯ್ಯಬೇಡಿ.

ಪಿಂಪ್ರಿ ಅಮ್ಮ:
ನನ್ನ ಮಗಳಿಗೆ 16. ಕ್ಲಿನಿಕ್ಕಿನಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಅಂದುಬಿಟ್ಟರು. ಅವತ್ತಿನಿಂದ ಅವಳು ಡಬ್ಬಿ ಹಾಗೇ ವಾಪಸ್ ತರುತ್ತಾಳೆ. ಕೇಳಿದರೆ "ಕಾರ್ಬ್ಸ್ ಇದೆ" ಅಂತಾಳೆ. ಮನೆಗೆ ಬಂದವರು ದಪ್ಪ ಆಗಿದ್ದೀಯ ಅಂತ ಅವಳ ಎದುರಿಗೇ ಹೇಳುತ್ತಾರೆ. ರಾತ್ರಿ ಬಾಗಿಲು ಹಾಕಿಕೊಂಡು ಚಿಪ್ಸ್ ತಿಂದಿದ್ದು ಕಸದ ಬುಟ್ಟಿಯಲ್ಲಿ ನೋಡಿದೆ. ಬೈಯಲೂ ಮನಸ್ಸು ಬರಲಿಲ್ಲ.

ಠಾಣೆ ಡಯಟೀಷಿಯನ್:
ಬೈಯದೆ ಇದ್ದದ್ದು ಒಳ್ಳೆಯದಾಯಿತಮ್ಮ.

ಮೊದಲು ಪರೀಕ್ಷೆಯ ವಿಷಯ. ಹದಿಹರೆಯದ ಹುಡುಗಿಯರಲ್ಲಿ ಸ್ಕ್ಯಾನ್ ನೋಡಿ ಪಿಸಿಓಎಸ್ ಹೇಳಬಾರದು ಅಂತ ಮಾರ್ಗಸೂಚಿ ಹೇಳುತ್ತದೆ. ಆ ವಯಸ್ಸಿನ ಆರೋಗ್ಯವಂತ ಹುಡುಗಿಯರ ಅಂಡಾಶಯದಲ್ಲೂ ಹಾಗೆ ಗುಳ್ಳೆಗುಳ್ಳೆ ಕಾಣುತ್ತದೆ. ಅವು ಗಡ್ಡೆಗಳೂ ಅಲ್ಲ, ಅಂಡಾಣು ಬೆಳೆಯುವ ಸಣ್ಣ ಸಣ್ಣ ಚೀಲಗಳು. ಆ ವಯಸ್ಸಿನಲ್ಲಿ ಮುಟ್ಟಿನ ಏರುಪೇರು ಮತ್ತು ಗಂಡು ಹಾರ್ಮೋನು ಹೆಚ್ಚಿದ ಗುರುತು, ಎರಡೂ ಇರಬೇಕು. ಇನ್ನೊಬ್ಬ ಸ್ತ್ರೀರೋಗ ತಜ್ಞರಿಗೋ ಹಾರ್ಮೋನು ತಜ್ಞ ಎಂಡೋಕ್ರೈನಾಲಜಿಸ್ಟ್‌ಗೋ ತೋರಿಸಿ.

ಆಮೇಲೆ ಊಟ. ಹಗಲು ಬಿಟ್ಟು ರಾತ್ರಿ ಮುಚ್ಚಿಟ್ಟು ತಿನ್ನುವುದು ಅವಳ ಹಟ ಅಲ್ಲ. ಪಿಸಿಓಎಸ್ ಇರುವವರಲ್ಲಿ ಊಟದ ಜೊತೆಗಿನ ಸಂಬಂಧ ಕೆಡುವುದು ಹೆಚ್ಚು, ಡಾಕ್ಟರುಗಳು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು ಅಂತ ಮಾರ್ಗಸೂಚಿಯೂ ಹೇಳುತ್ತದೆ. ಅವಳ ಎದುರಿಗೆ ಕಾರ್ಬ್ಸ್, ತೂಕ ಅನ್ನುವ ಮಾತೇ ಸ್ವಲ್ಪ ದಿನ ಬೇಡ. ಬೆಳೆಯುವ ಹುಡುಗಿಗೆ ಚಪಾತಿಯೂ ಬೇಕು, ಅನ್ನವೂ ಬೇಕು. ನೀವು ಅವಳ ಜೊತೆ ಕೂತು ಅದೇ ತಿಂಡಿ ತಿನ್ನಿ. ಡಬ್ಬಿ ಹೀಗೇ ವಾಪಸ್ ಬರುತ್ತಿದ್ದರೆ ಮನಸ್ಸಿನ ಡಾಕ್ಟರರ ಸಹಾಯ ಕೇಳುವುದಕ್ಕೆ ಹಿಂಜರಿಯಬೇಡಿ.

ಕೊತ್ರೂಡ ಕಾಕಿ:
ದಪ್ಪ ಅಂದವರಿಗೆ ನೀವೇ ನೇರ ಹೇಳಿಬಿಡಿ, ನನ್ನ ಮಗಳ ಮೈ ಬಗ್ಗೆ ಮಾತು ಬೇಡ ಅಂತ. ನಾನು ನನ್ನ ಸೊಸೆಗೋಸ್ಕರ ನನ್ನ ಅಕ್ಕನಿಗೇ ಹೇಳಿದ್ದೇನೆ. ಅಕ್ಕ ಎರಡು ದಿನ ಮುನಿಸಿಕೊಂಡಳು, ಆಮೇಲೆ ಬಿಟ್ಟಳು.

ಡೊಂಬಿವಲಿ ಫಾಸ್ಟ್:
ಪಿಂಪ್ರಿ ಅಮ್ಮ, ನಿಮ್ಮ ಮಗಳಿಗೆ ನನ್ನ ಜೊತೆ ಮಾತಾಡಬೇಕು ಅನಿಸಿದರೆ ಖಂಡಿತ ಮಾತಾಡಲಿ.

ಅಕ್ಕ, ಸಂಕಷ್ಟಿಗೆ ಏನು ಮಾಡಲಿ? ಇಲ್ಲಿಯವರೆಲ್ಲ ಸಾಬೂದಾನಾ ಖಿಚಡಿ ತಿನ್ನುತ್ತಾರೆ. ಚಂದ್ರ ಕಾಣುವ ತನಕ ಖಾಲಿ ಹೊಟ್ಟೆಯಲ್ಲಿ ಇದ್ದರೆ ತಲೆ ತಿರುಗುತ್ತದೆ. ಮತ್ತೆ ಚಹಾ? ಆಫೀಸಿನಲ್ಲಿ ನಾಲ್ಕು ಸಲ ಬರುತ್ತದೆ.

ಠಾಣೆ ಡಯಟೀಷಿಯನ್:
ಸಾಬೂದಾನಾ ಅಂದರೆ ಮರಗೆಣಸಿನ ಪಿಷ್ಟ. 100 ಗ್ರಾಂನಲ್ಲಿ 85ಕ್ಕೂ ಮೇಲೆ ಕಾರ್ಬ್ಸ್, ಪ್ರೋಟೀನ್ ಇಲ್ಲವೆಂದೇ ಹೇಳಬಹುದು. ಖಿಚಡಿಯಲ್ಲಿ ಒಳ್ಳೆಯದು ಅಂದರೆ ಶೇಂಗಾ ಪುಡಿ ಒಂದೇ. ಭಗರ್, ಅಂದರೆ ನಮ್ಮ ಸಾವೆ, ರಾಜಗಿರಾ ಹಿಟ್ಟು, ಶಿಂಗಾಡಾ ಹಿಟ್ಟು, ಇವೂ ಪಿಷ್ಟವೇ ಜಾಸ್ತಿ. ಉಪವಾಸಕ್ಕೆ ನಡೆಯುವುದೆಲ್ಲ ಹಗುರ ಅಂತಲ್ಲ.

ಮರಾಠಿ ಮನೆಗಳಲ್ಲಿ ಉಪವಾಸಕ್ಕೆ ಶೇಂಗಾ ಆಮಟಿ ಮಾಡುತ್ತಾರಲ್ಲ, ಅದು ನಿಮಗೆ ಹೇಳಿ ಮಾಡಿಸಿದ್ದು. ಹುರಿದ ಶೇಂಗಾ, ಹಸಿಮೆಣಸು, ಜೀರಿಗೆ ನುಣ್ಣಗೆ ರುಬ್ಬಿ ಕುದಿಸಿ, ಕೋಕಂ ಹಾಕಿ. ಬೆಲ್ಲ ಬಿಡಿ. ಭಗರ್ ಎರಡು ಚಮಚ ಇರಲಿ, ಆಮಟಿ ಬಟ್ಟಲು ತುಂಬ ಕುಡಿಯಿರಿ. ಜೊತೆಗೆ ಸೌತೆಕಾಯಿ ಮೊಸರು, ಹಸಿ ಕೊಬ್ಬರಿಯ ಒಂದೆರಡು ಚೂರು. ಮಾತ್ರೆ ತೆಗೆದುಕೊಳ್ಳುವ ನೀವು, ಅದರಲ್ಲೂ ತಲೆ ತಿರುಗುತ್ತಿದ್ದರೆ, ನೀರೂ ಇಲ್ಲದ ಉಪವಾಸ ಮಾಡುವ ಹಾಗಿಲ್ಲ.

ಚಹಾದಲ್ಲಿ ಸಕ್ಕರೆ ಚಮಚಕ್ಕೆ 4ರಿಂದ 5 ಗ್ರಾಂ. ಎರಡು ಚಮಚದಂತೆ ನಾಲ್ಕು ಸಲ ಅಂದರೆ 30 ಗ್ರಾಂ ದಾಟಿತು. ತಿಂಡಿಯಲ್ಲಿ ಉಳಿಸಿದ್ದೆಲ್ಲ ಅಲ್ಲಿ ಹೋಯಿತು. ಎರಡು ಸಲ ಮಾಡಿ, ಸಕ್ಕರೆ ವಾರಕ್ಕೆ ಸ್ವಲ್ಪ ಸ್ವಲ್ಪ ಇಳಿಸಿ, ನಾಲಿಗೆ ಒಗ್ಗುತ್ತದೆ.

ನನಗೆ ಅನುಮಾನ ಇರುವುದು ನಿಮ್ಮ ಮಧ್ಯಾಹ್ನದ ಡಬ್ಬಿಯ ಮೇಲೆ. ಅದರಲ್ಲಿ ಏನಿರುತ್ತದೆ?

ಡೊಂಬಿವಲಿ ಫಾಸ್ಟ್:
ಮೂರು ಚಪಾತಿ, ಆಲೂಗಡ್ಡೆ ಪಲ್ಯ ಅಥವಾ ಬೆಂಡೆಕಾಯಿ. ಬೇಳೆ ಚೆಲ್ಲುತ್ತದೆ ಅಂತ ಒಯ್ಯುವುದಿಲ್ಲ.

ಠಾಣೆ ಡಯಟೀಷಿಯನ್:
ಅದೇ ನೋಡಿ. ಆ ಡಬ್ಬಿಯಲ್ಲಿ ಪ್ರೋಟೀನ್ ಬಹಳ ಕಡಿಮೆ. ಐದು ಗಂಟೆಗೆ ಹಾಗೆ ಹಸಿವಾಗುವುದು ಅದಕ್ಕೇ. ಎರಡು ಚಪಾತಿ, ಗಟ್ಟಿ ಮಟಕಿ ಉಸಳ್ (ಕಾಳಿನ ಪಲ್ಯ) ಅಥವಾ ಝುಣಕಾ (ಕಡಲೆಹಿಟ್ಟಿನ ಪಲ್ಯ), ಒಂದು ಹಿಡಿ ಹಸಿ ತರಕಾರಿ. ಇವು ಚೆಲ್ಲುವುದಿಲ್ಲ. ಮಧ್ಯಾಹ್ನ ಸರಿಯಾದರೆ ಸಂಜೆಗೆ ಮುಷ್ಟಿ ಶೇಂಗಾ ಸಾಕಾಗುತ್ತದೆ. ಊಟವಾದ ಮೇಲೆ ಹತ್ತು ನಿಮಿಷ ಆಫೀಸಿನ ಸುತ್ತ ನಡೆಯಿರಿ. ನಡೆಯುವಾಗ ಸ್ನಾಯುಗಳು ಗ್ಲೂಕೋಸನ್ನು ಹೆಚ್ಚು ಇನ್ಸುಲಿನ್ ಬೇಡದೆ ಎಳೆದುಕೊಳ್ಳುತ್ತವೆ.

ಮಾತ್ರೆ ಮೆಟ್‌ಫಾರ್ಮಿನ್ ಆಗಿದ್ದರೆ ವರ್ಷಗಟ್ಟಲೆ ತೆಗೆದುಕೊಂಡಾಗ ಬಿ12 ಇಳಿಯಬಹುದು. ಸಸ್ಯಾಹಾರಿಗಳು ಪರೀಕ್ಷೆ ಮಾಡಿಸಬೇಕು. ಮುಟ್ಟು ಮೂರು ತಿಂಗಳು ದಾಟಿದರೂ ಬರದಿದ್ದರೆ ತಿಂಡಿ ಬದಲಿಸಿ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ. ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗುವುದು ಒಳ್ಳೆಯದಲ್ಲ.

ಹಿಂಜವಡಿ ಹುಡುಗಿ:
ಪ್ಯಾಕೆಟ್ ಮೇಲೆ ಏನು ನೋಡಬೇಕು ಅಕ್ಕ? ಶುಗರ್ ಫ್ರೀ ಅಂತ ಇದ್ದರೆ ಸಾಕಾ?

ಠಾಣೆ ಡಯಟೀಷಿಯನ್:
ಮುಂದೆ ಬರೆದದ್ದು ಓದಬೇಡಿ, ಹಿಂದೆ ತಿರುಗಿಸಿ. 100 ಗ್ರಾಂಗೆ ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು, ಸೇರಿಸಿದ ಸಕ್ಕರೆ ಎಷ್ಟು, ಪ್ರೋಟೀನ್ ಎಷ್ಟು. ಪದಾರ್ಥಗಳ ಪಟ್ಟಿಯಲ್ಲಿ ಯಾವುದು ಜಾಸ್ತಿಯೋ ಅದು ಮೊದಲು ಬರುತ್ತದೆ. ಮಲ್ಟಿಗ್ರೇನ್ ಅಂದುಕೊಂಡು ಮೊದಲು ಮೈದಾ ಇದ್ದರೆ ಅದು ಮೈದಾ ಬಿಸ್ಕತ್ತು. ಮಾಲ್ಟೋಡೆಕ್ಸ್ಟ್ರಿನ್ ಎಂಬ ಪಿಷ್ಟದ ಪುಡಿ ಇದ್ದರೆ ಅದು ಸಕ್ಕರೆಯಷ್ಟೇ ಬೇಗ ಏರಿಸುತ್ತದೆ. ಶುಗರ್ ಫ್ರೀ ಮಿಠಾಯಿಗೆ ಸಿಹಿಗಾಗಿ ಹಾಕುವ ಮಾಲ್ಟಿಟಾಲ್ ಕೂಡ ಸ್ವಲ್ಪ ಏರಿಸುತ್ತದೆ, ಜಾಸ್ತಿ ತಿಂದರೆ ಹೊಟ್ಟೆಯೂ ಕೆಡುತ್ತದೆ.

ಡೊಂಬಿವಲಿ ಫಾಸ್ಟ್:
ಅಮ್ಮನಿಗೆ ಫೋನ್ ಮಾಡಿದೆ, ಶೇಂಗಾ ಚಟ್ನಿ, ಅಗಸೆ ಚಟ್ನಿ ಎರಡೂ ಕಳಿಸುತ್ತಾಳಂತೆ. ನಾಳೆಯಿಂದ ಉಸಳ್ ಡಬ್ಬಿ. ಟ್ರೇನಿಗೆ ಪೇರಲ ತೆಗೆದುಕೊಳ್ಳುತ್ತೇನೆ, ಲೇಡೀಸ್ ಡಬ್ಬಿಯಲ್ಲಿ ಹೆಚ್ಚಿ ಮಾರಲು ಬರುತ್ತಾರೆ.

ಮಾಟುಂಗಾ ಮಾವ:
ಹೆಚ್ಚಿದ್ದು ಬೇಡಮ್ಮ, ಇಡೀ ಹಣ್ಣು ತೆಗೆದುಕೊಂಡು ತೊಳೆದು ತಿನ್ನು. ಹೆಚ್ಚಿಟ್ಟದ್ದು ಎಷ್ಟು ಹೊತ್ತಿನದೋ.

ಕೊತ್ರೂಡ ಕಾಕಿ:
ಮಳೆಗಾಲದಲ್ಲಿ ಒಂದು ಎಚ್ಚರ. ಹುರಿದ ಶೇಂಗಾ ಮುಂಬೈ ಹವಾಕ್ಕೆ ಮೆತ್ತಗಾಗುತ್ತದೆ, ಒಂದು ವಾರಕ್ಕೆ ಬೇಕಾದಷ್ಟೇ ಹುರಿದು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿಡಿ. ಹಸಿ ಕಾಳು ಆರಿಸುವಾಗ ಸುಕ್ಕಾದದ್ದು, ಕಪ್ಪಾದದ್ದು, ಬೂಸಲು ಹಿಡಿದದ್ದು ತೆಗೆದು ಹಾಕಿ. ಶೇಂಗಾ ಬೂಸಲಿನ ವಿಷ ಲಿವರ್‌ಗೆ ಕೆಟ್ಟದ್ದು, ಹುರಿದರೂ ಪೂರ್ತಿ ಹೋಗುವುದಿಲ್ಲ. ಬಾಯಿಗೆ ಕಹಿ ಬಂದರೆ ಉಗುಳಿಬಿಡಿ, ನುಂಗಬೇಡಿ.